ಕೊನೆಯ ಹನಿ ಎಲ್ಲಿಂದ ಬರುತ್ತದೆ?

ಮೇನ್ ವಾಲ್ವ್ ಮುಚ್ಚಿ ಅರ್ಧ ಗಂಟೆಯಾಗಿದೆ. ಒಡೆದ ಭಾಗವನ್ನು ಕತ್ತರಿಸಿ ತೆಗೆದಾಗಿದೆ, ಹೊಸ ತುಂಡನ್ನು ಉಜ್ಜಿ ಹೊಳಪಿಗೆ ತಂದು ಪಕ್ಕದಲ್ಲಿ ಇಟ್ಟಾಗಿದೆ. ಆದರೂ ತಾಮ್ರದ ಪೈಪಿನ ಬಾಯಲ್ಲಿ ಒಂದು ಹನಿ ಒಸರುತ್ತದೆ, ದಪ್ಪಗಾಗುತ್ತದೆ, ತೊಟ್ಟಿಕ್ಕುತ್ತದೆ. ಅದರ ಹಿಂದೆಯೇ ಇನ್ನೊಂದು. ಈ ಹನಿಗೆ ಅಮೆರಿಕದ ಪ್ಲಂಬರ್‌ಗಳು ಬಹಳ ಹಿಂದೆಯೇ ಕಂಡುಕೊಂಡ ಮದ್ದು ಬ್ರೆಡ್. ಅಂಚು ಕಿತ್ತ ಬಿಳಿ ಬ್ರೆಡ್ಡಿನ ತಿರುಳನ್ನು ಹಿಸುಕಿ ಉಂಡೆ ಮಾಡಿ ಪೈಪಿನೊಳಗೆ ಗೇಣುದ್ದಕ್ಕೆ ತುರುಕುತ್ತಾರೆ. ಅದು ನೀರು ಹೀರಿ ಉಬ್ಬಿ ನಿಂತಿರುವ ನಾಲ್ಕಾರು ನಿಮಿಷಗಳಲ್ಲಿ ಬೆಸುಗೆ ಮುಗಿಸಿಬಿಡುತ್ತಾರೆ. ಆಮೇಲೆ ನೀರು ಬಿಟ್ಟರೆ ಬ್ರೆಡ್ ಕರಗಿ ನಲ್ಲಿಯಿಂದ ಆಚೆ ಬರುತ್ತದೆ. ಕೇಳಲು ಸೊಗಸಾದ ಉಪಾಯ, ಎಷ್ಟೋ ಸಲ ನಡೆಯುತ್ತದೆ ಕೂಡ. ಆದರೆ ಉಪಾಯದ ಸೊಗಸಿನಲ್ಲಿ ಒಂದು ಪ್ರಶ್ನೆ ಮರೆತುಹೋಗುತ್ತದೆ: ಮುಚ್ಚಿದ ಲೈನಿನಲ್ಲಿ ಈ ನೀರು ಬರುತ್ತಿರುವುದಾದರೂ ಎಲ್ಲಿಂದ? ಅದಕ್ಕೆ ಉತ್ತರ ಸಿಕ್ಕರೆ ಬಹುಪಾಲು ಸಲ ತುರುಕುವ ಅಗತ್ಯವೇ ಬೀಳುವುದಿಲ್ಲ. ಉತ್ತರ ಹುಡುಕದೆ ತುರುಕಿದರೆ ಇಂದಿನ ಬೆಸುಗೆ ಕೂತೀತು, ಮುಂದಿನ ವರ್ಷ ಅದೇ ಜಾಗದಲ್ಲಿ ಅದೇ ಪರದಾಟ.

ಇಷ್ಟು ಸಣ್ಣ ಹನಿಗೆ ಇಷ್ಟು ದೊಡ್ಡ ಮಾತೇಕೆ ಎನ್ನುವವರು ಅಡುಗೆಮನೆಯನ್ನು ನೆನಪಿಸಿಕೊಳ್ಳಬೇಕು. ಪಾತ್ರೆಯಲ್ಲಿ ನೀರಿರುವವರೆಗೆ ಅದು ತಳ ಹಿಡಿಯುವುದಿಲ್ಲ. ಒಲೆ ಎಷ್ಟೇ ಉರಿಯಲಿ, ಕುದಿಯುವ ನೀರು 100 ಡಿಗ್ರಿ ಸೆಲ್ಸಿಯಸ್ ದಾಟದು. ಅದಕ್ಕೆ ಅಂಟಿಕೊಂಡ ಲೋಹವೂ ಅದರ ಆಸುಪಾಸಿನಲ್ಲೇ ಉಳಿಯುತ್ತದೆ. ಅಡುಗೆಯಲ್ಲಿ ನಮ್ಮನ್ನು ಕಾಯುವ ಈ ಗುಣವೇ ಬೆಸುಗೆಯಲ್ಲಿ ಕೈಕೊಡುತ್ತದೆ. ಬೆಸುಗೆಯ ತವರ ಕರಗಿ ಪೈಪು ಮತ್ತು ಜೋಡಣೆಯ ನಡುವಿನ ಕೂದಲೆಳೆಯ ಸಂದಿಗೆ ಹರಿಯಬೇಕಾದರೆ ತಾಮ್ರ 230–240 ಡಿಗ್ರಿಯಾದರೂ ಕಾಯಬೇಕು. ತಾಮ್ರದ ಹಂಡೆಗೆ ಕಲಾಯಿ ಹಾಕುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಉಜ್ಜಿ ಬೆಳಗಿದ ಪಾತ್ರೆ, ನವಸಾಗರದ ಹೊಗೆ, ಕಾದ ಲೋಹದ ಮೇಲೆ ಬಟ್ಟೆಯ ಒಂದು ಬೀಸಿಗೆ ಬೆಳ್ಳಿಯಂತೆ ಹರಡುವ ತವರ. ತೇವವಿದ್ದ ಜಾಗದಲ್ಲಿ ಕಲಾಯಿ ಹಿಡಿಯುವುದಿಲ್ಲ. ಪೈಪಿನ ಬೆಸುಗೆಯೂ ಅದೇ ವಿದ್ಯೆ. ವ್ಯತ್ಯಾಸವೆಂದರೆ ಹಂಡೆಯ ಒಳಗನ್ನು ಇಣುಕಿ ನೋಡಬಹುದು, ಪೈಪಿನ ಒಳಗನ್ನು ನೋಡಲಾಗದು.

ಲೆಕ್ಕ ಹಾಕಿದರೆ ಹನಿಯ ಬಲ ಗೊತ್ತಾಗುತ್ತದೆ. ಅಮೆರಿಕದ ಮನೆಗಳಲ್ಲಿ ಬಳಸುವ ಅರ್ಧ ಇಂಚಿನ ಸಾಮಾನ್ಯ ತಾಮ್ರದ ಪೈಪು ಮೀಟರಿಗೆ ಸುಮಾರು 424 ಗ್ರಾಂ ತೂಗುತ್ತದೆ. ಬೆಸುಗೆ ಜಾಗದ ಹತ್ತು ಸೆಂಟಿಮೀಟರ್ ತುಂಡಿಗೆ 42 ಗ್ರಾಂ. ಅದನ್ನು 20 ಡಿಗ್ರಿಯಿಂದ 240 ಡಿಗ್ರಿಗೆ ಏರಿಸಲು ಬೇಕಾದ ಶಾಖ ಸುಮಾರು 3,560 ಜೂಲ್. ಒಂದೇ ಒಂದು ಗ್ರಾಂ ನೀರನ್ನು ಅದೇ 20 ಡಿಗ್ರಿಯಿಂದ ಕುದಿಸಿ ಆವಿ ಮಾಡಲು ಸುಮಾರು 2,590 ಜೂಲ್ ಬೇಕು. ಅಂದರೆ ಒಂದು ಟೀ ಚಮಚ ನೀರು ಇಡೀ ಜೋಡಣೆಗೆ ಬೇಕಾದ ಶಾಖದ ಮೂರೂವರೆ ಪಟ್ಟನ್ನು ನುಂಗಿ ಆವಿಯಾಗುತ್ತದೆ. ಸೆಕೆಂಡಿಗೆ ಒಂದು ಹನಿಯಂತೆ ಬೀಳುವ ನೀರು ನಿಮಿಷಕ್ಕೆ ಸುಮಾರು ಮೂರು ಮಿಲಿಲೀಟರ್. ಅದು ಪ್ರತಿ ನಿಮಿಷವೂ ಜೋಡಣೆಗೆ ಬೇಕಾದುದರ ಎರಡು ಪಟ್ಟು ಶಾಖವನ್ನು ಹೊತ್ತೊಯ್ಯಬಲ್ಲದು. ಗ್ಯಾಸ್ ಟಾರ್ಚಿನ ಉರಿ ಹೆಚ್ಚಿಸಿದರಾಯಿತು ಎನ್ನಬಹುದು. ಹೆಚ್ಚಿಸಿದಾಗ ಪೈಪಿನ ಮೇಲುಭಾಗ ಮಿತಿಮೀರಿ ಕಾಯುತ್ತದೆ, ನೀರು ಹರಿಯುವ ಕೆಳಭಾಗ ನೂರರಲ್ಲೇ ನಿಂತಿರುತ್ತದೆ. ಮೇಲೆ ಬೆಸುಗೆಗೆಂದು ಸವರಿದ ಪೇಸ್ಟ್ ಸುಟ್ಟು ಕಪ್ಪಾಗಿ ತವರವನ್ನು ಹತ್ತಿರಕ್ಕೇ ಬಿಡುವುದಿಲ್ಲ, ಕೆಳಗೆ ತವರ ಕರಗುವುದೇ ಇಲ್ಲ. ಜೊತೆಗೆ ಒಂದು ಗ್ರಾಂ ನೀರು ಆವಿಯಾದರೆ 1.6 ಲೀಟರಿಗೂ ಹೆಚ್ಚು ಜಾಗ ಕೇಳುತ್ತದೆ. ಹೊರಹೋಗಲು ಇನ್ನೊಂದು ಕಡೆ ನಲ್ಲಿ ತೆರೆದಿರದಿದ್ದರೆ ಆ ಹಬೆ ಇನ್ನೂ ಗಟ್ಟಿಯಾಗದ ತವರವನ್ನೇ ಸೀಳಿಕೊಂಡು ಬರುತ್ತದೆ. ಸೂಜಿ ಮೊನೆಯಷ್ಟು ತೂತು ಉಳಿಯುತ್ತದೆ. ಅಂಥ ಜೋಡಣೆ ಹೊರಗಿನಿಂದ ಲಕ್ಷಣವಾಗಿ ಕಾಣುತ್ತದೆ, ನೀರು ಬಿಟ್ಟ ಮೇಲೆ ಬೆವರುತ್ತದೆ.

ಹಿಂದೆ ಬೆಸುಗೆ ಇಷ್ಟು ಕಷ್ಟವಿರಲಿಲ್ಲ ಎಂದು ಅಮೆರಿಕದ ಹಳಬರು ಹೇಳಿದರೆ ಅದು ಬರೀ ಹಳೆಯ ಕಾಲದ ಮೋಹವಲ್ಲ. ಆಗ ತವರ ಮತ್ತು ಸೀಸವನ್ನು ಸಮಸಮ ಬೆರೆಸಿದ ಬೆಸುಗೆ ಇತ್ತು; ಅದು 183 ಡಿಗ್ರಿಗೇ ಮೆತ್ತಗಾಗತೊಡಗುತ್ತಿತ್ತು, ತೆಳು ಮುದ್ದೆಯಂತೆ ಸಂದಿಯನ್ನು ತುಂಬುತ್ತಿತ್ತು. ಕುಡಿಯುವ ನೀರಿಗೆ ಸೀಸ ಇಳಿಯುತ್ತದೆ ಎಂಬ ಕಾರಣಕ್ಕೆ ಅಮೆರಿಕ 1986ರಲ್ಲಿ ಕಾನೂನು ತಿದ್ದಿ ಸೀಸದ ಬೆಸುಗೆಯನ್ನು ಕುಡಿಯುವ ನೀರಿನ ಪೈಪುಗಳಿಂದ ಹೊರಗಿಟ್ಟಿತು. ಅದರ ಜಾಗಕ್ಕೆ ಬಂದ ಬೆಸುಗೆಗಳಲ್ಲಿ ಒಂದು ತವರ–ಆಂಟಿಮನಿ ಮಿಶ್ರಣ. ಅದು ಕರಗುವುದು 233ರಿಂದ 240 ಡಿಗ್ರಿಯ ನಡುವೆ. ಆರೋಗ್ಯಕ್ಕೆ ಒಳ್ಳೆಯದಾಯಿತು, ಸಂದೇಹವಿಲ್ಲ. ಆದರೆ ಐವತ್ತು ಡಿಗ್ರಿಯ ಆ ಸಲಿಗೆ ಹೋಯಿತು. ಒಳಗಿನ ತೇವವನ್ನು ಹಳೆಯ ಬೆಸುಗೆ ಅಷ್ಟಿಷ್ಟು ಕ್ಷಮಿಸುತ್ತಿತ್ತು, ಹೊಸದು ಕ್ಷಮಿಸುವುದಿಲ್ಲ.

ಹಾಗಾದರೆ ನೀರು ಎಲ್ಲಿಂದ? ಮೊದಲನೆಯದು, ಲೈನಿನಲ್ಲೇ ಉಳಿದದ್ದು. ಅರ್ಧ ಇಂಚಿನ ಪೈಪಿನಲ್ಲಿ ಮೀಟರಿಗೆ ಸುಮಾರು 150 ಮಿಲಿಲೀಟರ್ ಹಿಡಿಯುತ್ತದೆ, ಮುಕ್ಕಾಲು ಇಂಚಿನದರಲ್ಲಿ ಅದರ ಎರಡು ಪಟ್ಟು. ಮನೆಯ ತುಂಬ ಓಡಾಡಿದ ಪೈಪುಗಳಲ್ಲಿ ಕೆಲವು ಲೀಟರ್ ನೀರು ಕೂತಿರುತ್ತದೆ. ಎಳನೀರಿಗೆ ಹಾಕಿದ ಸ್ಟ್ರಾದ ಮೇಲಿನ ಬಾಯಿಗೆ ಬೆರಳಿಟ್ಟು ಎತ್ತಿದರೆ ನೀರು ಕೆಳಗೆ ಬೀಳುವುದಿಲ್ಲವಲ್ಲ, ಮೇಲ್ಮಹಡಿಯ ನಲ್ಲಿಗಳು ಮುಚ್ಚಿರುವ ಮನೆಯ ಪೈಪು ಆ ಸ್ಟ್ರಾ. ಗಾಳಿ ಒಳಗೆ ಹೋಗದೆ ನೀರು ಹೊರಗೆ ಬಾರದು. ಎಲ್ಲಕ್ಕಿಂತ ಎತ್ತರದ ನಲ್ಲಿಯನ್ನೂ ಎಲ್ಲಕ್ಕಿಂತ ತಗ್ಗಿನ ನಲ್ಲಿಯನ್ನೂ ಒಟ್ಟಿಗೆ ತೆರೆದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ಎರಡನೆಯದು ಬಿಸಿನೀರಿನ ಟ್ಯಾಂಕ್. ಹೀಟರಿಗೆ ಹೋಗುವ ತಣ್ಣೀರಿನ ಕೊಳವೆ ಟ್ಯಾಂಕಿನ ಒಳಗೆ ತಳದವರೆಗೂ ಇಳಿದಿರುತ್ತದೆ. ಅದಕ್ಕಿಂತ ತಗ್ಗಿನಲ್ಲಿ ತಣ್ಣೀರಿನ ಲೈನ್ ಕತ್ತರಿಸಿದರೆ ಸೈಫನ್ ಆಗಿ ಟ್ಯಾಂಕಿನ ನೀರು ಹಿಂದಕ್ಕೆ ಹರಿಯಬಹುದು. ಅದನ್ನು ತಡೆಯಲೆಂದೇ ಆ ಕೊಳವೆಯ ಮೇಲ್ತುದಿಯ ಬಳಿ ಸಣ್ಣ ತೂತು ಇಡುತ್ತಾರೆ. ಅದು ಕಟ್ಟಿಕೊಂಡರೆ ಹೇಳುವವರಿಲ್ಲ. ಮೂರನೆಯದನ್ನು ಬಹಳ ಜನ ಊಹಿಸುವುದೇ ಇಲ್ಲ: ಒಂದೇ ಹಿಡಿಯ ಮಿಕ್ಸರ್ ನಲ್ಲಿ. ಅದರ ಹಿಡಿ ತೆರೆದು ನಡುವೆ ನಿಂತಿದ್ದರೆ ಬಿಸಿಲೈನು ಮತ್ತು ತಣ್ಣೀರಿನ ಲೈನು ಒಳಗೊಳಗೇ ಕೂಡಿಕೊಂಡಿರುತ್ತವೆ, ಒಂದನ್ನು ಮುಚ್ಚಿದರೂ ಇನ್ನೊಂದರ ನೀರು ದಾಟಿ ಬರುತ್ತದೆ. ನಾಲ್ಕನೆಯದೇ ನಿಜವಾದ ಕಾಯಿಲೆ, ಹಿಡಿಯದ ವಾಲ್ವ್. ವರ್ಷಗಟ್ಟಲೆ ಯಾರೂ ತಿರುಗಿಸದ ಗೇಟ್ ವಾಲ್ವಿನ ತಳದಲ್ಲಿ ಮರಳು, ಸುಣ್ಣದ ಹರಳು ಕೂತು ಗೇಟು ಪೂರ್ತಿ ಇಳಿಯುವುದಿಲ್ಲ. ಎಷ್ಟೇ ಬಿಗಿ ಮಾಡಿದರೂ ನೂಲಿನಷ್ಟು ನೀರು ನುಸುಳುತ್ತದೆ.

ಈ ನಾಲ್ಕನ್ನು ಬೇರೆ ಬೇರೆಯಾಗಿ ಗುರುತಿಸಲು ದೊಡ್ಡ ಉಪಕರಣವೇನೂ ಬೇಡ. ಕತ್ತರಿಸಿದ ಬಾಯಿಯ ಕೆಳಗೆ ಒಂದು ಲೋಟ ಇಟ್ಟು ಗಡಿಯಾರ ನೋಡಿದರೆ ಸಾಕು. ಹನಿಗಳ ನಡುವಿನ ಬಿಡುವು ಹೆಚ್ಚುತ್ತ ಹೋದರೆ ಅದು ಲೈನಿನ ಉಳಿಕೆ, ತಾನಾಗಿ ಮುಗಿಯುತ್ತದೆ. ನೀರು ಬೆಚ್ಚಗಿದ್ದರೆ ಹೀಟರಿನ ಕಡೆಯದು. ಎಲ್ಲೋ ಮಿಕ್ಸರಿನ ಹಿಡಿ ಒತ್ತಿ ಮುಚ್ಚಿದ ಕೂಡಲೇ ಕಡಿಮೆಯಾದರೆ ಗುಟ್ಟು ಅಲ್ಲಿತ್ತು. ಇಪ್ಪತ್ತು ನಿಮಿಷದ ನಂತರವೂ ಅದೇ ತಾಳದಲ್ಲಿ ಬೀಳುತ್ತಿದ್ದರೆ ವಾಲ್ವ್ ಸತ್ತಿದೆ. ಬ್ರೆಡ್ ತುರುಕಿದ ಕ್ಷಣಕ್ಕೆ ಈ ನಾಲ್ಕೂ ಒಂದೇ ಆಗಿಬಿಡುತ್ತವೆ. ನನ್ನ ಆಕ್ಷೇಪ ಇರುವುದು ಅಲ್ಲೇ. ಹನಿಯ ಮೂಲ ತಿಳಿದರೆ ಅದಕ್ಕೆ ಅಡ್ಡಗಟ್ಟುವ ಬದಲು ಬೆಸುಗೆಯ ಜಾಗಕ್ಕಿಂತ ತಗ್ಗಿನಲ್ಲಿ ಬೇರೆ ದಾರಿ ಮಾಡಿಕೊಡಬಹುದು. ಅಮೆರಿಕದ ಕೆಲವು ವಾಲ್ವ್‌ಗಳ ಪಕ್ಕದಲ್ಲೇ ಗುಂಡಿಯಂಥ ಒಂದು ಹಿತ್ತಾಳೆ ಮುಚ್ಚಳ ಇರುತ್ತದೆ. ವಾಲ್ವ್ ಮುಚ್ಚಿ ಅದನ್ನು ಬಿಚ್ಚಿದರೆ ನುಸುಳಿದ ನೀರು ಅಲ್ಲೇ ಬಕೆಟ್ಟಿಗೆ ಇಳಿಯುತ್ತದೆ, ಬೆಸುಗೆಯವರೆಗೂ ಹೋಗುವುದಿಲ್ಲ. ಕೆರೆ ಕಟ್ಟಿದವರು ಏರಿಯ ಜೊತೆಗೆ ಕೋಡಿಯನ್ನೂ ಕಟ್ಟಿದ್ದು ಇದೇ ತಿಳಿವಳಿಕೆಯಿಂದ. ಅಡ್ಡವಾಗಿ ಓಡುವ ಪೈಪಿನ ಜೋಲುಬಿದ್ದ ಜಾಗದಲ್ಲಿ ನಿಂತ ನೀರಿಗೆ ಮಾತ್ರ ಇಂಥ ದಾರಿ ಇಲ್ಲ. ಅದನ್ನು ಊದಿ ಆಚೆ ಹಾಕಬೇಕು ಇಲ್ಲವೇ ನೀರು ಹೀರುವ ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಯಬೇಕು.

ಈ ಮಾತುಗಳೆಲ್ಲ ಒಟ್ಟಿಗೆ ಒರೆಗೆ ಬಿದ್ದದ್ದು 2021ರ ಫೆಬ್ರುವರಿಯಲ್ಲಿ, ಟೆಕ್ಸಾಸ್‌ನಲ್ಲಿ. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್‌ಗಳಲ್ಲಿ ನೆಲೆಸಿದ ಸಾವಿರಾರು ಕನ್ನಡ ಕುಟುಂಬಗಳಿಗೆ ಆ ವಾರ ಮರೆಯುವಂಥದ್ದಲ್ಲ. ಫೆಬ್ರುವರಿ 16ರಂದು ಡಲ್ಲಾಸ್‌ನಲ್ಲಿ ತಾಪಮಾನ ಸೊನ್ನೆಗಿಂತ ಸುಮಾರು 19 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಿತು; ರಾಜ್ಯದಲ್ಲಿ 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಹೋಯಿತು. ಸೆಕೆಯ ನಾಡೆಂದು ಕಟ್ಟಿದ ಮನೆಗಳಲ್ಲಿ ಪೈಪುಗಳು ಅಟ್ಟದ ಮೇಲೆ, ಬೆಚ್ಚನೆಯ ಹೊದಿಕೆ ಇಲ್ಲದೆ ಓಡಾಡುತ್ತವೆ. ಎಷ್ಟೋ ಮನೆಗಳಲ್ಲಿ ಬಿಸಿನೀರಿನ ಟ್ಯಾಂಕೂ ಅಟ್ಟದಲ್ಲೇ. ಹೊರಗೆ ಮೈನಸ್ 7 ಡಿಗ್ರಿಯ ಸುಮಾರಿಗೆ ಬಂದರೆ ಇಂಥ ಹೊದಿಕೆಯಿಲ್ಲದ ಅಟ್ಟದ ಪೈಪುಗಳಿಗೆ ಅಪಾಯ ಎಂದು ಇಲಿನಾಯ್ ವಿಶ್ವವಿದ್ಯಾಲಯದವರು 1990ರ ದಶಕದಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಮಂಜುಗಡ್ಡೆ ಉಬ್ಬಿ ಪೈಪನ್ನು ಸೀಳುತ್ತದೆ ಎಂದು ನಾವು ಸಾಮಾನ್ಯವಾಗಿ ತಿಳಿದಿರುವುದು ಪೂರ್ತಿ ಸರಿಯಲ್ಲ. ಗಡ್ಡೆ ಬೆಳೆಯುತ್ತ ತನಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರನ್ನು ಒತ್ತುತ್ತದೆ. ಆ ಒತ್ತಡಕ್ಕೆ ಪೈಪು, ಗಡ್ಡೆ ಇಲ್ಲದ ಕಡೆಯಲ್ಲೇ ಬಿರಿಯಬಹುದು. ಚಳಿಗಾಲದಲ್ಲಿ ನಲ್ಲಿಯನ್ನು ಸಣ್ಣಗೆ ಬಿಟ್ಟಿರಿ ಎಂಬ ಅಲ್ಲಿನ ಸಲಹೆಯ ಮುಖ್ಯ ಪ್ರಯೋಜನ ಆ ಒತ್ತಡಕ್ಕೆ ಬಾಯಿ ಬಿಡುವುದು. ಕರೆಂಟ್ ಬಂದು, ಗಡ್ಡೆ ಕರಗಿ, ಸೂರಿನಿಂದ ನೀರು ಸುರಿಯತೊಡಗಿದಾಗ ಪ್ಲಂಬರ್‌ಗಳಿಗೂ ಪೈಪಿನ ಸಾಮಾನಿಗೂ ಬರ ಬಂತು. ಅಟ್ಟದ ಟ್ಯಾಂಕಿನಿಂದ ಇಳಿಯುವ ನೀರನ್ನು ನಿಲ್ಲಿಸುವುದು ಹೇಗೆಂದು, ತಮ್ಮ ಮೇನ್ ವಾಲ್ವ್ ಎಲ್ಲಿದೆ ಎಂದು ಕೂಡ ಗೊತ್ತಿಲ್ಲದ ಮನೆಯವರು ಎಷ್ಟೋ ಮಂದಿ.

ಅಂಥ ಹೊತ್ತಿನಲ್ಲಿ ಗಡಿಯಾರ ಹಿಡಿದು ಹನಿ ಎಣಿಸುತ್ತ ಕೂರಲಾಗುತ್ತದೆಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬ್ರೆಡ್ಡಿನ ಪರ ವಾದಿಸುವವರ ಬಲವೂ ಅಲ್ಲಿದೆ: ಅಗ್ಗ, ಕೈಗೆ ಸಿಗುತ್ತದೆ, ದಶಕಗಳಿಂದ ನಡೆದಿದೆ. ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ. ಬ್ರೆಡ್ ಮುಗಿಯುವ ನೀರನ್ನು ತಡೆಯುತ್ತದೆ, ಮುಗಿಯದ ನೀರನ್ನು ತಡೆಯುವುದಿಲ್ಲ. ಲೈನಿನ ಉಳಿಕೆಯಾದರೆ ಅದು ಹೀರಿಕೊಂಡು ಕೂರುತ್ತದೆ. ವಾಲ್ವಿನಿಂದ ನುಸುಳುವ ನೀರಾದರೆ ಹಿಂದೆ ನೀರು ತುಂಬುತ್ತ ಹೋಗಿ, ಸರಿಯಾಗಿ ತವರ ಕರಗುವ ಹೊತ್ತಿಗೆ ಉಂಡೆ ಜಾರಿ ಉರಿಯ ಕೆಳಗೆ ಬಂದು ನಿಲ್ಲುತ್ತದೆ. ಕಾಳು ಬೀಜ ಇರುವ ಕಂದು ಬ್ರೆಡ್ ತುರುಕಿದವರಿಗೆ ಇನ್ನೊಂದು ಬಹುಮಾನವಿದೆ: ನಲ್ಲಿಯ ತುದಿಯ ಜರಡಿಯಲ್ಲಿ, ಶವರಿನ ಒಳಗಿನ ಬಿಡಿಭಾಗದಲ್ಲಿ, ವಾಷಿಂಗ್ ಮಷೀನಿನ ಬಲೆಯಲ್ಲಿ ವಾರಗಟ್ಟಲೆ ಅದರ ಚೂರು. ಜರಡಿ ಬಿಚ್ಚಿಟ್ಟು, ಸ್ನಾನದ ತೊಟ್ಟಿಯ ದೊಡ್ಡ ನಲ್ಲಿಯಿಂದ ಮೊದಲು ನೀರು ಬಿಡಬೇಕೆಂಬುದು ಗೊತ್ತಿದ್ದವರು ಬ್ರೆಡ್ ಬಳಸಲಿ. ಅಷ್ಟು ಗೊತ್ತಿದ್ದವರು ಹನಿಯ ಮೂಲವನ್ನೂ ನೋಡಿರುತ್ತಾರೆ. ಬೆಂಕಿಯ ಮಾತನ್ನೂ ಇಲ್ಲಿ ಸೇರಿಸಬೇಕು. ಅಟ್ಟದ ಮರದ ತೊಲೆಗಳ ನಡುವೆ ಕೂತು ಒದ್ದೆ ಪೈಪಿಗೆ ಉರಿ ಹಿಡಿದಾಗ, ಅರ್ಧ ನಿಮಿಷದಲ್ಲಿ ಮುಗಿಯಬಹುದಾದ ಕೆಲಸ ಐದು ನಿಮಿಷ ಎಳೆಯುತ್ತದೆ. ಪೈಪು ಕಾಯುವುದಿಲ್ಲ, ಪಕ್ಕದ ತೊಲೆ ಕಾಯುತ್ತದೆ.

ಇನ್ನೊಂದು ದಾರಿ ಪೈಪನ್ನೇ ಹೆಪ್ಪುಗಟ್ಟಿಸುವುದು. ಮೈನಸ್ 78 ಡಿಗ್ರಿಯ ಒಣ ಮಂಜನ್ನೋ ಕೊಳವೆಗೆ ಸುತ್ತುವ ಶೀತಯಂತ್ರವನ್ನೋ ಬಳಸಿ ಒಳಗೆ ಗಡ್ಡೆಯ ಬಿರಡೆ ಕಟ್ಟಿಸಿ, ಅದು ಕರಗುವುದರೊಳಗೆ ಮುಂದಿನ ಕೆಲಸ ಮುಗಿಸುವುದು. ಪೈಪನ್ನು ಒಡೆದ ಗಡ್ಡೆಯನ್ನೇ ಪೈಪಿನ ರಿಪೇರಿಗೆ ಕರೆಯುವ ಈ ವಿದ್ಯೆ ಮೆಚ್ಚಬೇಕಾದದ್ದೇ. ಮೇನ್ ವಾಲ್ವನ್ನೇ ಬದಲಾಯಿಸಬೇಕಾದಾಗ, ಅದರ ಹಿಂದೆ ಮುಚ್ಚಲು ಬೇರೇನೂ ಇಲ್ಲದಾಗ ಇದಕ್ಕೆ ಸಾಟಿಯಿಲ್ಲ. ಆದರೆ ಇದೂ ನಮ್ಮ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರದು. ನೀರು ನಿಂತಿದ್ದರೆ ಮಾತ್ರ ಗಡ್ಡೆ ಕಟ್ಟುತ್ತದೆ, ಹರಿಯುತ್ತಿದ್ದರೆ ಬೆಚ್ಚನೆಯ ಹೊಸ ನೀರು ಬಂದು ಕಟ್ಟಲು ಬಿಡುವುದಿಲ್ಲ. ಎಲ್ಲಿಂದ ಹರಿಯುತ್ತಿದೆ ಎಂದು ತಿಳಿಯದೆ ಶೀತಯಂತ್ರ ತಂದವರು ಬಾಡಿಗೆ ಕೊಟ್ಟು ಬರಿಗೈಲಿ ಮರಳಬೇಕಾಗುತ್ತದೆ.

ಗಟ್ಟಿಯಾದ ಆಕ್ಷೇಪ ಇವೆರಡೂ ಅಲ್ಲ. ಈಗ ಬೆಸುಗೆಯೇ ಬೇಡದ ಜೋಡಣೆಗಳು ಬಂದಿವೆ. ಒಳಗೆ ರಬ್ಬರ್ ಬಳೆ, ಉಕ್ಕಿನ ಹಲ್ಲುಗಳಿರುವ ಕಪ್ಲಿಂಗಿಗೆ ಪೈಪನ್ನು ಒತ್ತಿ ಕೂರಿಸಿದರೆ ಮುಗಿಯಿತು. ಇಕ್ಕುಳದಂಥ ಯಂತ್ರದಿಂದ ಅಮುಕುವ ಬಗೆಯೂ ಇದೆ. ಪೈಪು ಒದ್ದೆಯಿದ್ದರೂ ಇವು ಕೂರುತ್ತವೆ. ಹಾಗಿರುವಾಗ ಕೊನೆಯ ಹನಿಯ ಚಿಂತೆ ಯಾರಿಗೆ? ಟೆಕ್ಸಾಸ್‌ನ ಆ ವಾರದಲ್ಲಿ ದಿನಕ್ಕೆ ಹತ್ತು ಮನೆ ನೋಡಬೇಕಾದ ಪ್ಲಂಬರ್ ಇವನ್ನು ಬಳಸಿದರೆ ನಾನು ತಪ್ಪೆನ್ನಲಾರೆ. ಬೆಂಕಿಯಿಲ್ಲದ ಕೆಲಸ ಅಟ್ಟದಲ್ಲಿ ದೊಡ್ಡ ಸಮಾಧಾನ. ಗೋಡೆಯೊಳಗೆ ಹೂತುಹೋಗುವ ಜಾಗಕ್ಕಾದರೆ ರಬ್ಬರಿಗಿಂತ ತವರದ ಮೇಲೆ ನನಗೆ ಹೆಚ್ಚು ನಂಬಿಕೆ, ಆದರೆ ಅದು ನನ್ನ ಒಲವು, ತೀರ್ಪಲ್ಲ. ನನ್ನ ಮಾತು ಬೇರೆ. ಒದ್ದೆಯಲ್ಲೂ ಕೂರುವ ಜೋಡಣೆ ಪೈಪನ್ನು ಸರಿಮಾಡಿತು, ವಾಲ್ವನ್ನು ಹಾಗೇ ಬಿಟ್ಟಿತು. ಹನಿಯಿಂದ ತೊಂದರೆಯಾಗದಿದ್ದರೆ ಹನಿ ಇದ್ದದ್ದೇ ಯಾರ ಗಮನಕ್ಕೂ ಬರುವುದಿಲ್ಲ. ಮುಂದೆ ಇನ್ನೆಲ್ಲೋ ಒಡೆದಾಗ, ನೀರು ನಿಲ್ಲಿಸಲು ಓಡಿಹೋಗಿ ತಿರುಗಿಸುವುದು ಅದೇ ಹಿಡಿಯದ ವಾಲ್ವನ್ನು.

ನಮ್ಮಲ್ಲಿ ಮನೆಯ ನೀರಿಗೆ ತಾಮ್ರದ ಪೈಪು ಹಾಕುವ ರೂಢಿ ಇಲ್ಲ, ಆದ್ದರಿಂದ ಇದು ನಮ್ಮ ಕಥೆಯಲ್ಲ ಎನಿಸಬಹುದು. ಮಾಳಿಗೆ ಹತ್ತಿ ನೋಡಿದರೆ ಆ ತಾಮ್ರ ಕಾಣುತ್ತದೆ. ಚಪ್ಪಟೆ ಗಾಜಿನ ಪೆಟ್ಟಿಗೆಯಂಥ ಸೋಲಾರ್ ಹೀಟರುಗಳ ಒಳಗೆ ಬಿಸಿಲು ಹಿಡಿಯುವುದು ತಾಮ್ರದ ಕೊಳವೆಗಳೇ, ಅವುಗಳ ನೆತ್ತಿಯ ಮೇಲೇ ನೂರಾರು ಲೀಟರಿನ ಟ್ಯಾಂಕ್. ಕೊಳವೆ ಸೋರಿದಾಗ ತಣ್ಣೀರಿನ ವಾಲ್ವ್ ಮುಚ್ಚಿದರೂ ಟ್ಯಾಂಕಿನ ನೀರು ಕೆಳಗಿನ ಕೊಳವೆಗೆ ಇಳಿಯುತ್ತಲೇ ಇರುತ್ತದೆ. ಟೆಕ್ಸಾಸ್‌ನ ಅಟ್ಟದ ಲೆಕ್ಕವೇ ಇಲ್ಲೂ. ಇನ್ನು ಗೋಡೆಯೊಳಗಿನ ಪೈಪು. ಜಿಐ ಪೈಪಿನ ಕಾಲದಲ್ಲಿ ಮರೆಗೆ ಸಣಬು ಸುತ್ತಿ ಬಿಗಿ ಮಾಡುತ್ತಿದ್ದರು. ಸಣಬು ನೀರು ಕುಡಿದು ಉಬ್ಬಿ ಸಂದಿಯನ್ನು ಇನ್ನಷ್ಟು ಮುಚ್ಚುತ್ತಿತ್ತು. ಆ ವಿದ್ಯೆಯಲ್ಲಿ ನೀರು ಶತ್ರುವಲ್ಲ. ಈಗಿನ ಸಿಪಿವಿಸಿ ಪೈಪಿನ ಸಾಲ್ವೆಂಟ್ ಸಿಮೆಂಟ್ ಹಾಗಲ್ಲ, ಒಣಗಿದ ಮೈಯಲ್ಲಿ ಮಾತ್ರ ಬೆಸೆದುಕೊಳ್ಳುತ್ತದೆ. ತೇವವಿದ್ದರೆ ತಾಮ್ರದ ಬೆಸುಗೆಯಂತೆಯೇ ಹೊರಗೆ ಚಂದ, ಒಳಗೆ ಸೋರಿಕೆ. ಟ್ಯಾಂಕಿನ ಬುಡದ ವಾಲ್ವ್ ಹಿಡಿಯದಿದ್ದರೆ ಕೊನೆಗೆ ಉಳಿಯುವ ದಾರಿ ಸಾವಿರ ಲೀಟರಿನ ಟ್ಯಾಂಕನ್ನೇ ಖಾಲಿ ಮಾಡುವುದು. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾದು ಕೂತ ಬೆಂಗಳೂರಿನವರಿಗೆ ಅದರ ಬೆಲೆ ಹೇಳಬೇಕಿಲ್ಲ.

ಯಾವುದಾದರೂ ಭಾನುವಾರ ಮನೆಯಲ್ಲೇ ಇರುತ್ತೀರಿ. ಗೀಸರ್ ಸ್ವಿಚ್ ಆರಿಸಿ, ಟ್ಯಾಂಕಿನ ಬುಡದ ವಾಲ್ವ್ ಮುಚ್ಚಿ, ಮೇಲಿನ ಒಂದು ನಲ್ಲಿಯನ್ನೂ ತೀರ ಕೆಳಗಿನ ಒಂದು ನಲ್ಲಿಯನ್ನೂ ತೆರೆದಿಡಿ. ಕೆಳಗಿನ ನಲ್ಲಿಯಡಿ ಒಂದು ಬಕೆಟ್ ಇಟ್ಟು ಅರ್ಧ ಗಂಟೆ ಬಿಟ್ಟು ಬಂದು ನೋಡಿ. ಹನಿ ಆಗಲೂ ಒಂದೇ ಸಮನೆ ಬೀಳುತ್ತಿದ್ದರೆ, ಪೈಪು ಒಡೆಯುವುದಕ್ಕೆ ಕಾಯದೆ ಆ ವಾರವೇ ಪ್ಲಂಬರನ್ನು ಕರೆದು ಆ ಗೇಟ್ ವಾಲ್ವ್ ಕಿತ್ತು ಬಾಲ್ ವಾಲ್ವ್ ಹಾಕಿಸಿ.